ಮರ್ವ್‌ನ ಪದಕಗಳು

ಹಾರ್ಷಮ್ ಊರಿನ ಶಾಲೆಯ ಮುಂದೆ ಮತ ಹಾಕಲು ಉದ್ದನೆ ಸಾಲು. ಒಂದು ಕಡೆ ಮತ ಹಾಕಲು ಬಂದವರಿಗೆ ಮಾರಲು ಸಾಸೇಜ್ ಸುಡುತ್ತಿದ್ದರು, ಜನ ಹರಟುತ್ತಿದ್ದರು. ನನ್ನ ಮೊಮ್ಮಗಳು ಬ್ರಾಂಟಿಯ ಕೈಯಲ್ಲಿ ಆ ಪಕ್ಷದ ಚೀಟಿ ಇತ್ತು. ಗೆದ್ದರೆ ಕಡ್ಡಾಯ ಸೈನ್ಯಸೇವೆಯನ್ನು ವಾಪಸ್ ತರುತ್ತೇವೆ, ಹದಿನೆಂಟು ತುಂಬಿದವರೆಲ್ಲ ಒಂದು ವರ್ಷ ಹೋಗಲೇಬೇಕು ಎನ್ನುವ ಪಕ್ಷ. ಅವಳಿಗೆ ಹದಿನೆಂಟು ತುಂಬಿ ಮೂರು ವಾರವಾಗಿತ್ತು.

ಚೀಟಿ ಹಂಚುತ್ತಿದ್ದವನು ಪಕ್ಕದ ಮನೆಯ ಲಿಂಡ್ಸೆ. "ಗ್ಲೆನಿಸ್, ಮಕ್ಳು ಒಂದಿಷ್ಟು ಶಿಸ್ತು ಕಲೀಲಿ ಬಿಡು."

"ಮೊದ್ಲು ನಿನ್ನ ನಾಯಿಗೆ ಕಲಿಸೋ. ರಾತ್ರಿಯೆಲ್ಲ ಬೊಗಳಿ ಸಾಯಿಸುತ್ತೆ."

ಅವನು ನಕ್ಕ. ನನಗೆ ನಗು ಬರಲಿಲ್ಲ.

"ಆ ಚೀಟಿ ಬಿಸಾಡೇ," ಎಂದೆ ಬ್ರಾಂಟಿಗೆ.

"ಯಾಕಜ್ಜಿ? ನಿನ್ನಣ್ಣ ಮರ್ವ್ ತಾತ ಸೈನ್ಯಕ್ಕೆ ಹೋಗಿರ್ಲಿಲ್ವಾ? ಪ್ರತಿ ಆನ್ಜಾಕ್ ದಿನ, ಸೈನಿಕರ ನೆನಪಿನ ಮೆರವಣಿಗೆಗೆ ಅಂತ ಬೆಳಗಿನ ಜಾವ ನನ್ನ ಎಬ್ಬಿಸಿ, ಅವರ ಪದಕ ನನ್ನ ಬಲಗಡೆ ಎದೆಗೆ ಚುಚ್ತಿದ್ದೋಳು ನೀನೇ ಅಲ್ವಾ? ಆರು ವರ್ಷದವಳಿದ್ದಾಗಿಂದ!"

ಹೌದು, ನಾನೇ. ಊರಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ತೀರಿಕೊಂಡವರ ಪದಕ ಮಕ್ಕಳು ಹಾಕಿಕೊಂಡರೆ ನೋಡಲು ಚೆಂದ. ನಾನೂ ಹಿಗ್ಗಿದ್ದೆ, ದಡ್ಡಿ.

ಸಾಲು ಮುಂದೆ ಸರಿಯುತ್ತಿತ್ತು. ಹೇಳದೇ ವಿಧಿಯಿರಲಿಲ್ಲ. "ನಾವೆಲ್ಲ ನಿಂಗೆ ಹೇಳಿದ ಹಾಗೆ ನಿನ್ನ ಮರ್ವ್ ತಾತ ಹೃದಯ ನಿಂತು ಸತ್ತಿದ್ದಲ್ಲ ಕಣೇ. ಸೈನ್ಯಕ್ಕೆ ಯಾರು ಹೋಗ್ಬೇಕು ಅಂತ ಹುಟ್ಟಿದ ತಾರೀಕಿನ ಲಾಟರಿ ಎತ್ತಿ ಅಣ್ಣನ್ನ ವಿಯೆಟ್ನಾಮಿಗೆ ಯುದ್ಧಕ್ಕೆ ಕಳಿಸಿದ್ರು. ವಾಪಸ್ ಬಂದ, ಏಳು ತಿಂಗಳು ಯಾರ ಜೊತೆನೂ ಮಾತಾಡ್ಲಿಲ್ಲ. ಆಮೇಲೆ ಕುರಿ ಕೊಟ್ಟಿಗೇಲಿ ಅಪ್ಪನ ಬಂದೂಕು ತಗೊಂಡು ತಾನೇ ಹೊಡ್ಕೊಂಡ. ಮೊದ್ಲು ನೋಡಿದ್ದು ನಾನು."

ಮುಂದೆ ನಿಂತಿದ್ದವರು ತಿರುಗಿ ನೋಡಿ ತಲೆ ತಗ್ಗಿಸಿದರು. ಬ್ರಾಂಟಿಯ ಮುಖ ಬಿಳಿಚಿಕೊಂಡಿತು.

"ಹೋದ ವಾರನಾದ್ರೂ ಹೇಳ್ಬಾರ್ದಿತ್ತಾ ಅಜ್ಜಿ?"

"ಈಗೇನು ಕೆಟ್ಟೋಯ್ತು? ವೋಟು ಇನ್ನೂ ಹಾಕಿಲ್ವಲ್ಲ."

"ವೋಟಲ್ಲ... ಚುನಾವಣೆಗೆಲ್ಲ ಯಾರು ಕಾಯ್ತಾರೆ ಅಂತ ನಾನೇ ಹೋಗಿ ಸೈನ್ಯ ಸೇರೋಕೆ ಸಹಿ ಹಾಕ್ಬಿಟ್ಟೆ. ನಿಂಗೆ ಖುಷಿಯಾಗುತ್ತೆ ಅಂದ್ಕೊಂಡೆ. ನಾಲ್ಕು ವರ್ಷಕ್ಕೆ. ಹದಿನಾಲ್ಕನೇ ತಾರೀಕು ಬಸ್ಸು ಹತ್ಬೇಕು."

ಅಯ್ಯೋ ದೇವರೇ! ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಾಗಿಲಲ್ಲಿದ್ದ ಅಧಿಕಾರಿ ಬಂದು, "ಒಬ್ಬೊಬ್ರೇ ಒಳಗೆ ಹೋಗ್ಬೇಕಮ್ಮ, ಹುಡುಗೀನ ಬಿಡಿ," ಎಂದ. ನಾನು ಬಿಡಲಿಲ್ಲ.