ಹಿಮ್ಮಡಿಯ ಕಪ್ಪು

ತಾಯಕ್ಕ ಗಂಡನ ಹೆಣದ ಹಿಮ್ಮಡಿಯನ್ನು ಮತ್ತೆ ಕಲ್ಲಿನಿಂದ ಉಜ್ಜತೊಡಗಿದಾಗ ಯಶವಂತನಗರದ ಆ ಅಂಗಳದಲ್ಲಿ ನೆರೆದವರು ತಿರುಗಿ ನೋಡಿದರು. ಜಡೆಪ್ಪ ಗಣಿಯಲ್ಲಿ ಕಬ್ಬಿಣದ ಅದಿರು ತುಂಬಿ ಬದುಕಿದವನು. ಪಾದದ ಬಿರುಕುಗಳಿಂದ ಕೆಂಪು ನೀರು ಇಳಿಯಿತು. ರೂಪಾಯಿ ಅಗಲದ ಕಪ್ಪು ಮಾತ್ರ ಹೋಗಲಿಲ್ಲ.

"ಸಾಕು ಬಿಡು ತಂಗೆವ್ವ, ಹೊತ್ತಾಗಾಕತ್ತೈತಿ," ಎಂದ ಹುಲುಗಪ್ಪ. ಜಡೆಪ್ಪನ ಜೊತೆಗೇ ದುಡಿದ ಗೆಳೆಯ, ಈಗ ಚಟ್ಟ ಕಟ್ಟುತ್ತಿದ್ದ.

ತಾಯಕ್ಕ ಮಗಳತ್ತ ತಿರುಗಿದಳು. "ಅದಿರಿನ ಕಲೆ ಅಂತ ದಿನಾ ಉಜ್ಜತಿದ್ದೆ. ಖರೇ ಹೇಳು ಅಂಜಲಿ, ನಾ ಉಜ್ಜಿದ್ದಕ್ಕ ಕ್ಯಾನ್ಸರ್ ಆತೇನು?"

"ಇಲ್ಲವ್ವ. ಉಜ್ಜಿದ್ರ ಅದು ಬರಂಗಿಲ್ಲ."

"ಮತ್ತ ಬ್ಯಾಸಗಿ ಪೂರ್ತಿ ಸ್ಕ್ಯಾನಿಂಗ್ ತಪ್ಪಿಸಿಕೊಂಡ್ನಲ್ಲ ನಿಮ್ಮಪ್ಪ, ಯಾಕಂತ ನಿನಗರ ಹೇಳಿದ್ನೇನು?"

ಅಂಜಲಿಗೆ ಕಾರಣ ಗೊತ್ತಿತ್ತು.

*

ಹೊಸಪೇಟೆಯ ಸ್ಕ್ಯಾನಿಂಗ್ ಕೇಂದ್ರದಲ್ಲಿ ಎಂಆರ್‌ಐ ಯಂತ್ರ ನಡೆಸುವುದು ಅವಳ ಕೆಲಸ. ಅಪ್ಪನ ಹಿಮ್ಮಡಿಯ ಕಪ್ಪು ಚರ್ಮದ ಕ್ಯಾನ್ಸರ್, ಅದು ಎಲ್ಲಿಯವರೆಗೆ ಹರಡಿದೆಯೆಂದು ನೋಡದೆ ಶಸ್ತ್ರಚಿಕಿತ್ಸೆ ಆಗದು ಎಂದಿದ್ದರು ವೈದ್ಯರು. ಕರೆದಾಗಲೆಲ್ಲ ಜಡೆಪ್ಪನಿಗೊಂದು ನೆಪ. ಮಳೆಗಾಲದಲ್ಲಿ, ತಲೆನೋವು ತಾಳಲಾರದೆ ಬಂದವನು ಯಂತ್ರದ ಕೋಣೆಯ ಬಾಗಿಲಲ್ಲಿ ಅವಳ ಕೈ ಹಿಡಿದುಕೊಂಡ.

"ಯವ್ವಾ, ಇದು ಅಯಸ್ಕಾಂತ ಅಂತಲ್ಲ. ನನ್ನ ಮೈತುಂಬ ಅದಿರೈತಿ. 'ಒಳಗ ಹೋದ್ರ ಅಂಟಿಕೊಂತಿ ಲೇ, ಜೆಸಿಬಿ ತಂದು ಬಿಡಿಸಬೇಕು' ಅಂದಾನ ಹುಲುಗಪ್ಪ."

ಗೆಳೆಯನ ತಮಾಷೆಯನ್ನು ಅಪ್ಪ ನಂಬಿಬಿಟ್ಟಿದ್ದ. ಅವಳು ತಿಳಿಹೇಳಿ ಮಲಗಿಸಿದಳು.

ಚರ್ಮದಲ್ಲಿ ಕಪ್ಪಾಗಿರುವ ಆ ಕ್ಯಾನ್ಸರಿನ ಬಣ್ಣ ಅಯಸ್ಕಾಂತದ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಪರದೆಯ ಮೇಲೆ ಅಪ್ಪನ ಮಿದುಳು ಮೂಡಿತು. ಅದರ ತುಂಬ ಬಿಳಿಯ ಚುಕ್ಕೆಗಳು.

ಯಂತ್ರದೊಳಗಿನಿಂದ ಅವನ ದನಿ ಕೇಳಿಸಿತು. "ಅಂಟಿಕೊಳ್ಳಲಿಲ್ಲ ನೋಡವ್ವ."

*

"ಅಪ್ಪ ಮಷೀನಿಗೆ ಅಂಜಿದ್ದ," ಎಂದಳು ಅಂಜಲಿ.

"ಗಣಿಯ ಸಿಡಿಮದ್ದಿಗೆ ಅಂಜದವ ಮಷೀನಿಗೆ ಅಂಜತಾನೇನು? ಯಾರೋ ಅಂಜಿಸ್ಯಾರ." ತಾಯಕ್ಕನ ದನಿ ತಣ್ಣಗಿತ್ತು. "ಯಾರು, ಹೇಳು. ಅವರು ಈ ಹೆಣ ಮುಟ್ಟಬಾರ್ದು."

ಹಗ್ಗ ಬಿಗಿಯುತ್ತಿದ್ದ ಹುಲುಗಪ್ಪನ ಕೈ ನಿಂತಿತು. ಅವನು ತಲೆ ಎತ್ತಲಿಲ್ಲ.

ಅಂಜಲಿ ಅವ್ವನ ಬೆರಳುಗಳಿಂದ ಕಲ್ಲನ್ನು ಬಿಡಿಸಿಕೊಂಡಳು. ಹೆಣದ ಮೂಗಿಗೆಂದು ತಂದಿದ್ದ ಹತ್ತಿಯಲ್ಲಿ ಒಂದು ತುಣುಕು ಹರಿದು ಆ ಕಪ್ಪಿನ ಮೇಲೆ ಒತ್ತಿದಳು, ದಾರ ಸುತ್ತಿದಳು.

"ಯಾರೂ ಇಲ್ಲವ್ವ," ಎಂದಳು. "ಹುಲುಗಪ್ಪ ಮಾವ, ಎತ್ತರಿ."

ಹುಲುಗಪ್ಪ ಕಾಲಿನ ಕಡೆ ಹೆಗಲು ಕೊಟ್ಟ. ಕೆಂಪು ದಾರಿಯುದ್ದಕ್ಕೂ ಅವನ ಕಿವಿಯ ಪಕ್ಕದಲ್ಲೇ ಹಿಮ್ಮಡಿಯ ಆ ಬಿಳಿಯ ಚುಕ್ಕೆ ಅಲುಗುತ್ತಿತ್ತು.