ಕಿವಿ ಮೇಷ್ಟ್ರ ಹತ್ತು ಸುತ್ತು

ಯಾರ ಮನೆಗೆ ಹೋದರೂ ಕಿವಿ ಮೇಷ್ಟ್ರು ಹೊಸ್ತಿಲಲ್ಲೇ ನಿಂತು, ತಲೆಯನ್ನು ಎಡಕ್ಕೆ ವಾಲಿಸಿ, ಆ ಮನೆಯ ಫ್ರಿಜ್ಜು, ಫ್ಯಾನು, ಟ್ಯೂಬ್‌ಲೈಟುಗಳ ಗುಂಯ್‌ಗಾನವನ್ನು ಆಲಿಸಿದ ಮೇಲೆಯೇ ಮನುಷ್ಯರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಬೆಸುಗೆಯ ಹನಿ ಸಿಡಿದು ತೂತುಬಿದ್ದ ಬೂದು ಕೋಟಿಗೆ ಮಾತ್ರ ನಿವೃತ್ತಿ ಕೊಟ್ಟಿರಲಿಲ್ಲ. ಅದರ ತೋಳು ಬೆರಳಿನ ಗಿಣ್ಣಿನವರೆಗೂ ಇಳಿಬಿದ್ದಿರುತ್ತಿತ್ತು. ಮಡಚಿಕೊಳ್ಳಿ ಎಂದರೆ "ನೋಡೋಣ" ಎನ್ನುವರು. ಅವರ "ನೋಡೋಣ" ಎಂದರೆ "ಇಲ್ಲ" ಎಂದೇ ಅರ್ಥ.

ಮನೆಯ ಮುಂದಿನ ಕೋಣೆ ಪೂರ್ತಿ ಹಾಡಿನ ಸದ್ದು ಹಿಗ್ಗಿಸುವ ಅವರ ಆಂಪ್ಲಿಫೈಯರುಗಳ ಸಾಮ್ರಾಜ್ಯ. ಅಲ್ಲಿ ಒಂದೇ ನಕ್ಷೆಯಿಂದ ಕಟ್ಟಿದ ಅವಳಿಗಳೆರಡಿದ್ದವು. ಒಂದನ್ನು ಇದ್ದಂತೆಯೇ ಬಿಟ್ಟು, ಇನ್ನೊಂದರ ವಿದ್ಯುತ್ ಪೂರೈಕೆಯನ್ನು ಮೇಷ್ಟ್ರು ಎರಡು ವರ್ಷ ತಪಸ್ಸಿನಂತೆ ತಿದ್ದಿದರು: ದುಪ್ಪಟ್ಟು ತೂಕದ ಟ್ರಾನ್ಸ್‌ಫಾರ್ಮರು, ಕರೆಂಟು ಕೂಡಿಡುವ ಮುಷ್ಟಿ ಗಾತ್ರದ ಕೆಪಾಸಿಟರುಗಳು, ಕಿರುಬೆರಳು ದಪ್ಪದ ತಂತಿ. "ಹಾಡೋದು ಆಂಪ್ಲಿಫೈಯರ್ ಅಲ್ಲ ಕಣಯ್ಯ, ಅದರ ಹಿಂದಿರೋ ಕರೆಂಟು. ಹಸಿದವನ ಕೈಲಿ ತಾರಕ ಹಾಡಿಸೋಕಾಗುತ್ತಾ?" ಎಂದು ಪಕ್ಕದ ಮನೆಯ ಬಡಪಾಯಿ ಶ್ರೋತೃವಾದ ನನ್ನನ್ನು ಕೇಳುತ್ತಿದ್ದರು.

ಅವರ ಹೆಂಡತಿಗೋ ಆ ಕೋಣೆ ಹೊಲಿಗೆ ತರಗತಿಗೆ ಬೇಕಾಗಿತ್ತು. ಮೂರು ವರ್ಷ "ನೋಡೋಣ" ಕೇಳಿ ಕೇಳಿ ಸಾಕಾಗಿ ಒಂದು ದಿನ ಆಕೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ನೀವು ತಿದ್ದಿದ್ದು ಬೇರೆಯವರ ಕಿವಿಗೂ ಗೊತ್ತಾದ್ರೆ ಕೋಣೆ ನಿಮ್ದು. ಇಲ್ದಿದ್ರೆ ನಂದು."

ಪರೀಕ್ಷೆಗೆ ಕೂತವನು ಆಕೆಯ ತಮ್ಮ. ಬಸ್ ಡಿಪೋದ ಮೆಕ್ಯಾನಿಕ್, ಎಂಜಿನ್ನಿನ ಕೆಮ್ಮು ಕೇಳಿಯೇ ರೋಗ ಹೇಳುವ ಆಸಾಮಿ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆಂದು ಮೇಷ್ಟ್ರು ಮೀಟರು ಹಿಡಿದು ಎರಡರ ಸದ್ದನ್ನೂ ಮೊದಲೇ ಸಮ ಮಾಡಿದ್ದರು. ಅವನಿಗೆ ಎರಡನ್ನೂ ಒಮ್ಮೆ ಕೇಳಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಯಾವುದು ಹಾಡುತ್ತಿದೆಯೆಂದು ಕೇಳುತ್ತ ಹೋದರು. ಹತ್ತು ಸುತ್ತು, ಎಂಟು ಸರಿಯಾದರೆ ಕೋಣೆ ಮೇಷ್ಟ್ರದ್ದು. ಅಂಕ ಬರೆಯುವವನು ನಾನು. ಆಕೆ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಬಾಗಿಲಿಗೊರಗಿ ನಿಂತಿದ್ದರು.

"ಭಾವ, ಇದು ತಿದ್ದಿದ್ದು... ಇದು ಹಳೇದು..." ಅವನು ಹೇಳುತ್ತಲೇ ಹೋದ. ಹತ್ತಕ್ಕೆ ಒಂಬತ್ತು!

ಆಕೆ ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತತೊಡಗಿದರು. ಮೇಷ್ಟ್ರ ಮುಖ ಅರಳಿತು. ಅರಳಿದ್ದು ಅಲ್ಲಿಗೇ ನಿಂತಿತು. ಅವರ ಕಣ್ಣು ತಿದ್ದಿದ ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿಯ ಮೇಲಿತ್ತು. ಸ್ವಿಚ್ಚು ಬದಲಿಸುವ ಭರದಲ್ಲಿ ಕೋಟಿನ ತೋಳು ತಗುಲಿ ಅದು ಕೂದಲೆಳೆಯಷ್ಟು ಸರಿದಿತ್ತು. ಅವರು ಕಂಡದ್ದನ್ನು ಕಂಡವನು ನಾನೊಬ್ಬನೇ. ಅವರ ಕೈ ಗುಂಡಿಯ ಹತ್ತಿರ ಹೋಗಿ ಗಾಳಿಯಲ್ಲೇ ನಿಂತಿತು. ಸುಮ್ಮನಿದ್ದುಬಿಡಿ ಮೇಷ್ಟ್ರೇ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಅವರು ಮೀಟರು ಎತ್ತಿಕೊಂಡರು. ಎರಡು ಸಲ ಅಳೆದರು. "ನನ್ನದರ ಸದ್ದು ಚೂರು ಜಾಸ್ತಿಯಿದೆ. ಬರೆದಿದ್ದನ್ನ ಹೊಡೆದುಹಾಕು. ಮೊದಲಿಂದ ಶುರು ಮಾಡೋಣ."

ಸದ್ದು ಸಮವಾಯಿತು. ಮೊದಲ ಸುತ್ತು ಸರಿ, ಆಮೇಲೆ ಎರಡು ತಪ್ಪು, ಮತ್ತೆ ಸರಿ. ಆರನೆಯದಕ್ಕೆ ಮೆಕ್ಯಾನಿಕ್ ಬೆವರು ಒರೆಸಿಕೊಂಡ: "ಭಾವ, ಈಗ ಎರಡೂ ಒಂದೇ ಥರ ಇದಾವೆ. ಬಾಯಿಗೆ ಬಂದಿದ್ದು ಹೇಳ್ತಿದ್ದೀನಿ."

"ಹೇಳು. ಹತ್ತೂ ಮುಗೀಲಿ."

ಸರಿಯಾದವು ಐದು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಮೇಷ್ಟ್ರು ಎರಡೂ ಯಂತ್ರಗಳನ್ನು ಆರಿಸಿ ಕುರ್ಚಿಯಲ್ಲಿ ಕುಸಿದರು. ಗೆದ್ದ ಹೆಂಡತಿಯ ಕಣ್ಣಲ್ಲೇ ನೀರು.

"ಒಂದ್ಸಲ ಕಣ್ಮುಚ್ಚಿಕೊಂಡಿದ್ರೆ ಏನಾಗ್ತಿತ್ತು ನಿಮಗೆ?"

"ಕೋಣೆ ನಂದಾಗ್ತಿತ್ತು," ಎಂದರು ಮೇಷ್ಟ್ರು. "ಆದರೆ ಇಲ್ಲಿ ಕೂತು ಹಾಡು ಕೇಳೋಕಾಗ್ತಿರಲಿಲ್ಲ."

ಲೋಕಕ್ಕೆ ಮೋಸಮಾಡದವರು ಊರಿಗೆ ನಾಲ್ವರಾದರೂ ಸಿಗುತ್ತಾರೆ. ತಮ್ಮದೇ ಶ್ರಮವನ್ನು ಕಟಕಟೆಯಲ್ಲಿ ನಿಲ್ಲಿಸಿ, ತಾವೇ ಎದುರುಸಾಕ್ಷಿ ನುಡಿಯುವ ಈ ಜಾತಿಯವರು ವಿರಳ. ಹಟಮಾರಿಗಳು, ಮನೆಯವರಿಗೆ ತಲೆನೋವು, ನಿಜ. ಆದರೆ ಅಂಥವರ ನೆರೆಯಲ್ಲಿ ಬಾಳುವುದು ಇನ್ನೂ ಕಷ್ಟ. ಅವರು ಯಾರನ್ನೂ ದೂರುವುದಿಲ್ಲ, ಸುಮ್ಮನಿರಲಿ ಎಂದು ಬೇಡಿಕೊಂಡ ನನ್ನಂಥವನಿಗೆ ಮಾತ್ರ ತಾನೆಷ್ಟು ಚಿಕ್ಕವನೆಂಬ ಅಳತೆ ತಿಳಿದುಹೋಗುತ್ತದೆ.