ಎಡಗಡೆಯ ದವಡೆ ಹಲ್ಲು

ಆಸ್ಪತ್ರೆಯ ರಕ್ತ ಪರೀಕ್ಷೆ ವಿಭಾಗದಲ್ಲಿ ಅವನಿಗೆ ‘ಇನ್ನೊಂದ್ಸಲ’ ಅಂತಲೇ ಹೆಸರು. ಯಾವ ಅಂಕಿ ಸ್ವಲ್ಪ ಆಚೀಚೆ ಆದರೂ, ಇನ್ನೊಂದ್ಸಲ ಹಾಕಿ ನೋಡೋಣ ಅನ್ನುವ ಆಸಾಮಿ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಒಂದೂ ತಪ್ಪು ರಿಪೋರ್ಟು ಕೊಟ್ಟವನಲ್ಲ. ಅಂಥವನೂ ಒಂದೇ ಟ್ಯೂಬಿನ ರಕ್ತವನ್ನು ಐದು ಸಲ ಮೆಷಿನ್ನಿಗೆ ಹಾಕಿದ್ದು ಆ ಸೋಮವಾರ ಮಾತ್ರ. ರಕ್ತ ಅವನ ಅಕ್ಕನದು.

ಅಕ್ಕನ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಇರುವುದು ಗೊತ್ತಾಗಿ ಮೂರು ವಾರವಾಗಿತ್ತು. ಔಷಧ ಶುರು ಮಾಡುವ ಮೊದಲು ಡಾಕ್ಟರು ಸಿಆರ್‌ಪಿ ನೋಡಲು ಬರೆದಿದ್ದರು. ಮೈಯೊಳಗೆ ಎಲ್ಲಾದರೂ ಉರಿಯೂತವಿದ್ದರೆ ಏರುವ ಅಂಕಿ ಅದು. ಹತ್ತರೊಳಗೆ ಇರಬೇಕಾದ್ದು ಅಕ್ಕನಿಗೆ ಎಪ್ಪತ್ತನಾಲ್ಕು ಬಂದಿತ್ತು. ಪರೀಕ್ಷೆಯ ರಾಸಾಯನಿಕದ ಹೊಸ ಬಾಟಲಿ ತೆರೆದು ಹಾಕಿದ, ಪಕ್ಕದ ಮೆಷಿನ್ನಿಗೂ ಹಾಕಿದ. ಎಪ್ಪತ್ತಾರು. ಮತ್ತೆ ಎಪ್ಪತ್ತನಾಲ್ಕು.

ಅದರ ಅರ್ಥ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಡ್ಡೆ ಅಷ್ಟೇ ದೊಡ್ಡದಿದ್ದರೂ ಸಿಆರ್‌ಪಿ ಕಡಿಮೆ ಇದ್ದವರು ವರ್ಷಗಟ್ಟಲೆ ಅವನ ಕಿಟಕಿಗೆ ಬಂದು ತೋಳು ಚಾಚುತ್ತಿದ್ದರು. ಏರಿದವರಲ್ಲಿ ಹೆಚ್ಚಿನವರು ಕೆಲವೇ ತಿಂಗಳಲ್ಲಿ ಬರುವುದು ನಿಲ್ಲಿಸುತ್ತಿದ್ದರು. ಅವರ ಅಂಕಿಗಳನ್ನೆಲ್ಲ ಬರೆದಿಟ್ಟು ನೆಮ್ಮದಿಯಾಗಿ ಚಹಾ ಕುಡಿಯಲು ಹೋಗುತ್ತಿದ್ದ ಮಹಾರಾಯ ಈಗ ಅಕ್ಕನ ಅಂಕಿ ಬರೆಯಲಾರದೆ ಪೆನ್ನು ಕೆಳಗಿಟ್ಟ. ತಾಯಿ ಸತ್ತ ಮೇಲೆ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು ಈ ಅಕ್ಕ.

ಆದರೆ ಕಲಿತ ವಿದ್ಯೆ ಸುಮ್ಮನಿರಲು ಬಿಡುತ್ತದೆಯೇ? ಉರಿಯೂತ ಗಡ್ಡೆಯದೇ ಆಗಬೇಕೆಂದೇನಿಲ್ಲವಲ್ಲ. ನೆಗಡಿಗೂ ಏರುತ್ತದೆ, ಹುಣ್ಣಿಗೂ ಏರುತ್ತದೆ. ಅಂಥದ್ದು ಏನಾದರೂ ಇದ್ದು, ಅದನ್ನು ವಾಸಿ ಮಾಡಿದರೆ ಅಂಕಿ ಇಳಿಯುತ್ತದೆ. ಅಂಕಿ ಇಳಿದರೆ ಅಕ್ಕ ಉಳಿಯುತ್ತಾಳೆ. ಇಂಥ ಲೆಕ್ಕ ದಿನವಿಡೀ ಅಂಕಿಗಳ ಮುಂದೆ ಕೂತವರ ತಲೆಗೆ ಮಾತ್ರ ಹೊಳೆಯುತ್ತದೆ.

ಮಧ್ಯಾಹ್ನವೇ ಅಕ್ಕನ ಹೊಲಿಗೆ ಅಂಗಡಿಗೆ ಓಡಿದ. ಕೆಮ್ಮು ಇದೆಯಾ, ಉರಿಮೂತ್ರ ಇದೆಯಾ, ಕಾಲಲ್ಲಿ ಗಾಯ ಇದೆಯಾ ಎಂದು ಪೊಲೀಸರ ಹಾಗೆ ವಿಚಾರಣೆ ಶುರು ಮಾಡಿದ. ಅವಳು ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡೇ ಎಲ್ಲದಕ್ಕೂ ಇಲ್ಲವೆಂದು ತಲೆಯಾಡಿಸಿದಳು.

“ಸರಿಯಾಗಿ ನೆನಪು ಮಾಡ್ಕೋ ಅಕ್ಕ. ಎಲ್ಲಾದ್ರೂ ಒಂದ್ಕಡೆ ನೋಯ್ತಿರ್ಲೇಬೇಕು,” ಅಂದ. ಅವಳ ಮುಂಗೈ ಹಿಡಿದುಕೊಂಡ.

ಅವಳು ಪಿನ್ನು ತೆಗೆದಿಟ್ಟು ಅವನ ಮುಖವನ್ನೇ ನೋಡಿದಳು. ತಣ್ಣೀರು ಕುಡಿದಾಗ ಎಡಗಡೆಯ ದವಡೆ ಹಲ್ಲು ನೋಯುತ್ತದೆ ಅಂದಳು.

ಅವನಿಗೆ ಹೋದ ಜೀವ ಬಂದಂತಾಯಿತು. ಮರುದಿನವೇ ಹಲ್ಲಿನ ಡಾಕ್ಟರ ಮುಂದೆ ಕೂರಿಸಿದ. ಸಣ್ಣ ಹುಳುಕಿದೆ, ವಸಡು ಒಂಚೂರು ಊದಿದೆ, ತುಂಬಿಸಿದರೆ ಸಾಕು ಎಂದು ಅವರು ಹೇಳಿದರೆ, ಕಿತ್ತೇಬಿಡಿ ಎಂದು ಇವನು ಪಟ್ಟು ಹಿಡಿದ. ಕ್ಯಾನ್ಸರ್ ಡಾಕ್ಟರಿಂದ ಒಪ್ಪಿಗೆಯ ಚೀಟಿಯನ್ನೂ ಕಾಡಿಬೇಡಿ ತಂದ. ಹಲ್ಲು ಗಟ್ಟಿಯಾಗಿತ್ತು, ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಕ್ಕ ಕುರ್ಚಿಯ ಕೈ ಹಿಡಿದುಕೊಂಡು ತುಟಿಪಿಟಿಕ್ಕೆನ್ನದೆ ಕೂತಿದ್ದಳು.

ಹತ್ತು ದಿನ ಅವಳು ಗಂಜಿ ಕುಡಿದಳು. ಇವನು ದಿನಾ ಟಾರ್ಚು ಹಿಡಿದು ಗಾಯ ಒಣಗಿದೆಯೇ ಎಂದು ನೋಡಿದ, ಒಣಗುತ್ತಿದೆ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ. ಹನ್ನೊಂದನೆಯ ದಿನ ತಾನೇ ಸೂಜಿ ಚುಚ್ಚಿ ರಕ್ತ ತೆಗೆದ. ಅಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಂದು ಮೆಷಿನ್ನಿನ ಮುಂದೆ ನಿಂತ.

ತೊಂಬತ್ತೊಂದು.

ಇನ್ನೊಂದು ಸಲ ಹಾಕಲು ಕೈ ಏಳಲಿಲ್ಲ. ಹೊರಗೆ ಬಂದು ಅವಳ ಪಕ್ಕ ಕುಸಿದು ಕೂತು, ಏರಿದೆ ಅಂದ. ಸುಮ್ಮನೆ ನಿನ್ನ ಹಲ್ಲು ಕೀಳಿಸಿದೆ ಎಂದು ಎಲ್ಲರೆದುರಿಗೇ ಅತ್ತ. ಅಷ್ಟು ವರ್ಷ ಅದೇ ಬೆಂಚಿನ ಮೇಲೆ ಜನ ಅಳುವುದನ್ನು ಕಿಟಕಿಯೊಳಗಿಂದ ನೋಡಿದ್ದವನಿಗೆ, ಆ ಅಳು ಹೀಗೆ ಒತ್ತರಿಸಿ ಬರುತ್ತದೆಂದು ತಿಳಿದಿರಲಿಲ್ಲ.

ಅಕ್ಕ ಸೆರಗಿನಿಂದ ಅವನ ಮುಖ ಒರೆಸಿದಳು.

“ಅದು ನೋಯ್ತಾನೇ ಇರ್ಲಿಲ್ಲ ಕಣೋ. ನೀನು ಹಾಗೆ ಕೇಳ್ದಾಗ ಏನಾದ್ರೂ ಒಂದು ಹೇಳ್ಬೇಕಿತ್ತು.”

ಅವಳು ಅವನ ತಲೆ ನೇವರಿಸಿ, ಮೆಲ್ಲಗೆ ಕೇಳಿದಳು.

“ಈಗ ಎಲ್ಲಿ ನೋಯುತ್ತೆ ಅನ್ಲಿ, ಹೇಳು.”